ಮಂಗಳೂರಲ್ಲಿ ನಾಯಿ ವಾಕಿಂಗ್ ಕೆಲಸ ಶುರು ಮಾಡುದಾದ್ರೆ ಮೊದಲು ಮಳೆಗೆ ರೆಡಿ ಆಗಿ

ನಾಯಿ ಅಂದ್ರೆ ಪ್ರಾಣ, ವಾಕರ್ ಆಗ್ಬೇಕು ಅಂತ ಉಂಟು, ಹೇಗೆ ಶುರು ಮಾಡುದು ಅಂತ ನನ್ನ ಹತ್ರ ಕೇಳುವವರು ಹೆಚ್ಚು ಬರುದು ಡಿಸೆಂಬರ್ ಜನವರಿಯಲ್ಲಿ. ಆಗ ಬೆಳಿಗ್ಗೆ ಒಳ್ಳೆ ತಂಪು, ಕದ್ರಿ ಕಡೆ ಯಾರೋ ಗೋಲ್ಡನ್ ರಿಟ್ರೀವರ್ ಹಿಡ್ಕೊಂಡು ಆರಾಮಲ್ಲಿ ಹೋಗುದು ನೋಡಿದ್ರೆ ಯಾರಿಗಾದ್ರೂ ಆಸೆ ಆಗ್ತದೆ. ಅವರಿಗೆಲ್ಲ ನಾನು ಒಂದೇ ಕೇಳುದು: ಜುಲೈಯಲ್ಲಿ ಬೆಳಿಗ್ಗೆ ಐದೂವರೆಗೆ, ಹಂಚಿನ ಮೇಲೆ ಮಳೆ ಬೊಬ್ಬೆ ಹೊಡೀತಾ ಇರುವಾಗ, ನಿನ್ನೆಯ ಚಂಡಿ ಶೂ ಹಾಕ್ಕೊಂಡು ಸ್ಕೂಟರ್ ಸ್ಟಾರ್ಟ್ ಮಾಡ್ಲಿಕ್ಕೆ ನಿಮ್ಮಿಂದ ಆಗ್ತದಾ? ಒಳ್ಳೆ ಹವೆ ಇರುವಾಗ ಯಜಮಾನರೇ ನಾಯಿ ಹಿಡ್ಕೊಂಡು ಹೋಗ್ತಾರೆ ಮಾರ್ರೆ, ನಮಗೆ ದುಡ್ಡು ಬರುದು ಮಳೆಗೆ. ಆಗ್ತದೆ ಅಂತಾದ್ರೆ ಮುಂದೆ ಓದಿ.

ನಾನು ಶುರು ಮಾಡಿದ್ದು ಪ್ಲಾನ್ ಮಾಡಿ ಎಲ್ಲ ಅಲ್ಲ. ಬಿಜೈಯಲ್ಲಿ ನಮ್ಮ ಆಚೆ ಮನೆಯಲ್ಲಿ ಒಂದು ಲ್ಯಾಬ್ ನಾಯಿ (ಲ್ಯಾಬ್ರಡಾರ್) ಇತ್ತು, ಮಗ ದುಬೈಯಲ್ಲಿ, ಮಗಳು ಕೆನಡಾದಲ್ಲಿ, ಮನೆಯಲ್ಲಿ ಅಂಕಲ್ ಆಂಟಿ ಇಬ್ಬರೇ. ಅಂಕಲ್‌ಗೆ ಮೊಣಕಾಲಿನ ಆಪರೇಷನ್ ಆಯ್ತು, 38 ಕೆಜಿ ನಾಯಿ ಎಳೆದ್ರೆ ಆಂಟಿ ಅದರ ಹಿಂದೆಯೇ ಹಾರಿ ಹೋಗುವ ಪರಿಸ್ಥಿತಿ, ಸ್ವಲ್ಪ ದಿನ ನೀನು ಕರ್ಕೊಂಡು ಹೋಗ್ತೀಯಾ ಮಗಾ ಅಂತ ಕೇಳಿದ್ರು. ನಾನು ಆಗ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಒಂದು ತಿಂಗಳು ಪುಕ್ಕಟೆ ಮಾಡಿದೆ, ಎರಡನೇ ತಿಂಗಳು ಮಗನೇ ದುಬೈಯಿಂದ ಫೋನ್ ಮಾಡಿ, ಇನ್ನು ಲೆಕ್ಕ ಹಾಕಿ ಹೇಳು, ಇಲ್ಲದಿದ್ರೆ ನಂಗೆ ನಿನ್ನ ಹತ್ರ ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಅಂದ. ಅಮ್ಮನಿಗೆ ಮಾತ್ರ ಭಾರಿ ಬೇಜಾರು, ಬಿಕಾಂ ಮಾಡಿ ನಾಯಿ ಹಿಂದೆ ಹೋಗುದಾ ಅಂತ. ನ್ಯೂಯಾರ್ಕಲ್ಲಿ ಜಿಮ್ ಬಕ್ ಅಂತ ಒಬ್ಬ 1960ರ ದಶಕದಲ್ಲೇ ಇದನ್ನೇ ದೊಡ್ಡ ಬಿಸಿನೆಸ್ ಮಾಡಿದ್ದ ಅಂತ ಹೇಳಿ ನೋಡಿದೆ, ಅದು ನ್ಯೂಯಾರ್ಕ್ ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಈಗ ಅವರೇ ಆಚೆ ಈಚೆಯವರಿಗೆ ನನ್ನ ನಂಬರ್ ಕೊಡ್ತಾರೆ.

ಗಿರಾಕಿಗಳು ಯಾರು ಅಂತ ಮೊದಲು ಗೊತ್ತಿರ್ಬೇಕು, ಅದರ ಮೇಲೆಯೇ ನಿಮ್ಮ ಟೈಮ್, ರೇಟ್ ಎಲ್ಲ ನಿಂತಿರುದು. ನಮ್ಮ ಊರಲ್ಲಿ ಹೆಚ್ಚಿನವರು ನಾನು ಹೇಳಿದ ಆಂಟಿ ಅಂಕಲ್‌ನ ಹಾಗೆ, ಮಕ್ಕಳು ಗಲ್ಫಲ್ಲಿ, ನಾಯಿ ಮನೆಯಲ್ಲಿ, ದುಡ್ಡು ಕಳಿಸುದು ಮಕ್ಕಳು. ಮತ್ತೆ ಡಾಕ್ಟರ್‌ಗಳು ನರ್ಸ್‌ಗಳು, ಕಂಕನಾಡಿ, ಬೆಂದೂರ್‌ವೆಲ್, ದೇರಳಕಟ್ಟೆ ಬದಿ ಆಸ್ಪತ್ರೆಗಳಲ್ಲಿ ಶಿಫ್ಟ್ ಇರುವವರು, ಅವರ ಡ್ಯೂಟಿ ಯಾವಾಗ ಮುಗೀತದೆ ಅಂತ ಅವರಿಗೇ ಗೊತ್ತಿರುದಿಲ್ಲ. ಮತ್ತೆ ಫ್ಲಾಟಲ್ಲಿ ಹಸ್ಕಿ, ಬೀಗಲ್ ತಂದಿಟ್ಟು ಆರು ತಿಂಗಳಾದ ಮೇಲೆ ಸೋಫಾ ಹರಿದದ್ದು ನೋಡಿ ಎಚ್ಚರ ಆದವರು. ಈ ಮೂರನೇ ಜಾತಿಯವರು ಬೇಗ ಫೋನ್ ಮಾಡ್ತಾರೆ, ಬೇಗ ಬಿಟ್ಟೂ ಬಿಡ್ತಾರೆ. ಡಾಕ್ಟರ್‌ಗಳು ವರ್ಷಗಟ್ಟಲೆ ಇಟ್ಟುಕೊಳ್ತಾರೆ, ಆದ್ರೆ ಟ್ರಾನ್ಸ್‌ಫರ್ ಆದ್ರೆ ಒಂದೇ ದಿನದಲ್ಲಿ ಹೋಗ್ತಾರೆ.

ಈಗ ದುಡ್ಡಿನ ವಿಷಯ. ಎಲ್ಲರಿಗೂ ಬೇಕಾದದ್ದು ಬೆಳಿಗ್ಗೆ ಆರರಿಂದ ಎಂಟೂವರೆ ಒಳಗೆ ಮತ್ತೆ ಸಂಜೆ ಐದೂವರೆ ಮೇಲೆ. ಮಧ್ಯಾಹ್ನ ಯಾರಿಗೂ ಬೇಡ, ನಾಯಿಗಂತೂ ಬೇಡವೇ ಬೇಡ. ಅಂದ್ರೆ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಲೆಕ್ಕ ಹಾಕಿದ್ರೆ ತಪ್ಪು, ನಿಮಗೆ ಸಿಗುದು ಬೆಳಿಗ್ಗೆ ಎರಡೂವರೆ ಗಂಟೆ, ಸಂಜೆ ಎರಡೂವರೆ ಗಂಟೆ, ಅದರಲ್ಲೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುದೂ ಬರ್ತದೆ. ಅರ್ಧ ಗಂಟೆ ವಾಕ್, ಹತ್ತು ನಿಮಿಷ ದಾರಿ ಅಂತ ಹಿಡಿದ್ರೆ ಒಂದು ಹೊತ್ತಿಗೆ ಮೂರರಿಂದ ನಾಲ್ಕು ನಾಯಿ. ನಾನು ಒಂದು ನಾಯಿಗೆ ದಿನಕ್ಕೆ ಒಂದು ವಾಕ್, ತಿಂಗಳಿಗೆ 26 ದಿನ ಅಂತ 3,500 ತಗೊಳ್ತೇನೆ, ಎರಡು ಹೊತ್ತು ಆದ್ರೆ 6,000. ಏಳು ವಾಕ್ ತುಂಬಿದ್ರೆ ತಿಂಗಳಿಗೆ 24,500 ಆಯ್ತು, ಅದರಲ್ಲಿ ಪೆಟ್ರೋಲ್ ತೆಗೀರಿ, ಬಿಸ್ಕೆಟ್, ಬ್ಯಾಗ್, ಡೆಟಾಲ್ ತೆಗೀರಿ. ಹಾಗಾಗಿ ಮನೆ ಆಯ್ಕೆ ಮಾಡುದು ಮುಖ್ಯ. ಉರ್ವದಲ್ಲಿ ಒಂದು, ಕುಲಶೇಖರದಲ್ಲಿ ಒಂದು, ಸುರತ್ಕಲ್‌ನಲ್ಲಿ ಒಂದು ಅಂತ ಹಿಡಿದ್ರೆ ನಂತೂರ್ ಸರ್ಕಲ್‌ನಲ್ಲಿ ನಿಂತೇ ಆಯುಷ್ಯ ಮುಗೀತದೆ. ಮಣ್ಣಗುಡ್ಡೆ, ಲೇಡಿಹಿಲ್, ಉರ್ವ ಹೀಗೆ ಒಂದಕ್ಕೊಂದು ತಾಗಿದ ಜಾಗ ಹಿಡ್ಕೊಳ್ಳಿ, ಒಂದೇ ಅಪಾರ್ಟ್‌ಮೆಂಟಲ್ಲಿ ಮೂರು ನಾಯಿ ಸಿಕ್ಕಿದ್ರೆ ರೇಟ್ ಸ್ವಲ್ಪ ಕಮ್ಮಿ ಮಾಡಿ ಆದ್ರೂ ಬಿಡ್ಬೇಡಿ.

ದುಡ್ಡು ತಿಂಗಳ ಮೊದಲೇ ತಗೊಳ್ಳಿ. ಕೇಳ್ಲಿಕ್ಕೆ ಮುಜುಗರ ಆಗ್ತದೆ, ಗೊತ್ತುಂಟು, ಆದ್ರೆ ಕೊನೆಗೆ ತಗೊಳ್ತೇನೆ ಅಂದ್ರೆ ನಾವು ನಾಲ್ಕು ದಿನ ಊರಿಗೆ ಹೋಗಿದ್ದೆವು ಅದನ್ನು ಕಳೀರಿ, ಆ ದಿನ ಮಳೆ ಇತ್ತಲ್ವಾ ಅದನ್ನು ಕಳೀರಿ ಅಂತ ಶುರು ಆಗ್ತದೆ. ಮೂರು ದಿನ ಟ್ರಯಲ್ ಕೊಡಿ, ಅದಕ್ಕೂ ದುಡ್ಡು ತಗೊಳ್ಳಿ.

ಸರಿ, ಕೆಲಸ ಕಲಿಯುದು ಎಲ್ಲಿ? ಮನೆಯಲ್ಲಿ ನಾಯಿ ಸಾಕಿದ್ದೇನೆ ಅಂತ ಹೇಳಿದ್ರೆ ಸಾಕಾಗುದಿಲ್ಲ, ನಿಮ್ಮ ನಾಯಿಗೆ ನೀವು ಗೊತ್ತು, ಬೇರೆಯವರ ನಾಯಿಗೆ ನೀವು ಕಳ್ಳ. ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಉಂಟಲ್ಲ, ಅಂಥ ಜಾಗದಲ್ಲಿ ಹೋಗಿ ಕೈ ಜೋಡಿಸ್ಬಹುದಾ ಅಂತ ಕೇಳಿ ನೋಡಿ. ಪರಿಚಯದ ವೆಟ್ ಕ್ಲಿನಿಕಲ್ಲಿ ಎರಡು ಶನಿವಾರ ಮೂಲೆಯಲ್ಲಿ ಕೂತ್ಕೊಂಡ್ರೂ ಸಾಕು, ಹೆದರಿದ ನಾಯಿ ಹೇಗೆ ಕಾಣ್ತದೆ ಅಂತ ಗೊತ್ತಾಗ್ತದೆ. ಬಾಲ ಆಡಿಸಿದ್ರೆ ಖುಷಿ ಅಂತ ನಾವು ಸಣ್ಣದಿರುವಾಗಿಂದ ಕೇಳಿದ್ದು, ಅದು ಅರ್ಧ ಸತ್ಯ. ಮೈಯೆಲ್ಲ ಸಡಿಲ ಬಿಟ್ಟು ಸೊಂಟ ಸಮೇತ ಆಡಿಸಿದ್ರೆ ಖುಷಿ, ಮೈ ಕೋಲಿನ ಹಾಗೆ ಬಿಗಿ ಮಾಡಿ ಬಾಲ ಮೇಲೆ ನಿಲ್ಲಿಸಿ ಬರೀ ತುದಿ ಆಡಿಸಿದ್ರೆ ಹತ್ರ ಹೋಗ್ಬೇಡಿ. ಹಸಿವಿಲ್ಲದೆ ತುಟಿ ನೆಕ್ಕುದು, ನಿದ್ರೆ ಇಲ್ಲದೆ ಆಕಳಿಸುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಮಾತ್ರ ನಿಮಗೆ ತೋರಿಸುದು, ಇದೆಲ್ಲ ಸ್ವಲ್ಪ ದೂರ ಇರು ಅಂತ ಹೇಳುವ ಭಾಷೆ. ಮತ್ತೆ ಗುರ್ ಅಂದ್ರೆ ಪೆಟ್ಟು ಕೊಡ್ಬೇಡಿ, ಗುರ್ ಅನ್ನುದು ಬಿಟ್ಟ ನಾಯಿ ಸೀದಾ ಕಚ್ಚುದು.

ಕಚ್ಚುದು ಅಂದಾಗ ನೆನಪಾಯ್ತು, ಮೊದಲ ಗಿರಾಕಿ ಹುಡುಕುವ ಮೊದಲೇ ನೀವು ರೇಬೀಸ್ ಲಸಿಕೆ ಹಾಕಿಸ್ಕೊಳ್ಳಿ. ಕಚ್ಚಿದ ಮೇಲೆ ಹಾಕುದು ಬೇರೆ, ಕಚ್ಚುವ ಮೊದಲೇ ತಗೊಳ್ಳುವ ಕೋರ್ಸ್ ಬೇರೆ ಉಂಟು, 0, 7 ಮತ್ತೆ 21 ಅಥವಾ 28ನೇ ದಿನ ಅಂತ ಮೂರು ಸಲ. ಅದು ಆಗಿದ್ರೆ ಮುಂದೆ ಕಚ್ಚಿದಾಗ 0 ಮತ್ತೆ 3ನೇ ದಿನ ಎರಡು ಡೋಸ್‌ನಲ್ಲಿ ಮುಗೀತದೆ, ಗಾಯಕ್ಕೆ ಕೊಡುವ ಆ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಬೇಕಾಗುದಿಲ್ಲ. ಡಾಕ್ಟರ್ ಹತ್ರ ಕೇಳಿಯೇ ತಗೊಳ್ಳಿ. ಏನೇ ಲಸಿಕೆ ಆಗಿರ್ಲಿ, ಕಚ್ಚಿದ್ರೂ ಪರಚಿದ್ರೂ ಮೊದಲ ಕೆಲಸ ಓಡುವ ನಳ್ಳಿ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳೆಯುದು, ವಾಚ್ ನೋಡಿ 15 ನಿಮಿಷ, ಆಮೇಲೆ ಆಸ್ಪತ್ರೆ. ಅರಿಶಿನ, ಸುಣ್ಣ, ಕಾಫಿ ಪುಡಿ ಎಲ್ಲ ಅಡುಗೆ ಮನೆಯಲ್ಲೇ ಇರ್ಲಿ. ರೇಬೀಸ್ ಲಕ್ಷಣ ಒಮ್ಮೆ ಶುರು ಆದ್ರೆ ಮದ್ದು ಇಲ್ಲ, ಈ ಒಂದು ವಿಷಯದಲ್ಲಿ ಉದಾಸೀನ ಬೇಡ.

ಸಾಮಾನು ಹೆಚ್ಚು ಬೇಕಾಗುದಿಲ್ಲ, ಆದ್ರೆ ಯಜಮಾನರು ಕೊಟ್ಟದ್ದನ್ನು ಹಾಗೇ ನಂಬ್ಬೇಡಿ. ಇದು ನಾನು ಕಲ್ತದ್ದು ಒಂದು ಬೀಗಲ್‌ನಿಂದ. ಕೊಟ್ಟಾರದ ಒಂದು ಒಳರಸ್ತೆಯಲ್ಲಿ ಸಂಜೆ ಹೋಗ್ತಾ ಇದ್ದೆ, ಹತ್ರದಲ್ಲಿ ಎಲ್ಲಿಯೋ ದೈವದ ನೇಮ ಇತ್ತು ಕಾಣ್ತದೆ, ಒಂದು ಗರ್ನಾಲ್ ಪಟಾಕಿ ಬಿಟ್ರು ನೋಡಿ, ನನ್ನದೇ ಎದೆ ಒಡೆದ ಹಾಗಾಯ್ತು. ನಾಯಿ ಹಿಂದಕ್ಕೆ ಜಗ್ಗಿತು, ಕುತ್ತಿಗೆಯ ಬೆಲ್ಟ್ ತಲೆ ಮೇಲಿಂದ ಸಲೀಸಾಗಿ ಬಂತು, ನನ್ನ ಕೈಯಲ್ಲಿ ಬೆಲ್ಟ್ ಮತ್ತೆ ಚೈನ್, ನಾಯಿ ಇಲ್ಲ. ನಾನು ಅದರ ಹೆಸರು ಕರೀತಾ ಹಿಂದೆ ಓಡಿದೆ, ಅದು ಇನ್ನೂ ಜೋರು ಓಡಿತು, ಅದೇ ನಾನು ಮಾಡಿದ ದೊಡ್ಡ ತಪ್ಪು, ಹೆದರಿದ ನಾಯಿಯ ಹಿಂದೆ ಓಡಿದ್ರೆ ಅದಕ್ಕೆ ನೀವೂ ಒಂದು ಗರ್ನಾಲ್. ಒಂದೂವರೆ ಗಂಟೆ ಆದ ಮೇಲೆ ಒಂದು ಗೂಡಂಗಡಿಯ ಬೆಂಚಿನ ಅಡಿಯಲ್ಲಿ ಸಿಕ್ಕಿತು, ನಾನು ನೆಲದಲ್ಲಿ ಅದಕ್ಕೆ ಬೆನ್ನು ಹಾಕಿ ಕೂತು ಬಿಸ್ಕೆಟ್ ಕವರ್ ಪರಪರ ಮಾಡಿದ ಮೇಲೆ ತಾನೇ ಬಂತು. ಆ ಮನೆಯವರು ಬೈಯ್ಲಿಲ್ಲ, ಆದ್ರೆ ಮರುದಿನದಿಂದ ಬರ್ಬೇಡಿ ಅಂದ್ರು. ಸರಿಯೇ ಅದು.

ಆವತ್ತಿಂದ ನನ್ನದು ಎರಡು ಕೊಂಡಿ ಲೆಕ್ಕ. ಮೈಗೆ ಹಾರ್ನೆಸ್ ಅನ್ನುವ ಎದೆಪಟ್ಟಿ, ಕುತ್ತಿಗೆಗೆ ಬೆಲ್ಟ್, ಎರಡಕ್ಕೂ ಹುಕ್, ಒಂದು ಜಾರಿದ್ರೆ ಇನ್ನೊಂದು ಉಂಟು. ಬೆಲ್ಟ್ ಒಳಗೆ ಎರಡು ಬೆರಳು ಹೋಗ್ಬೇಕು, ಮೂರು ಹೋದ್ರೆ ಸಡಿಲ. ಹಗ್ಗ ಆರು ಅಡಿಯ ಬಟ್ಟೆಯದ್ದು ಸಾಕು. ಆ ಬಟನ್ ಒತ್ತಿದ್ರೆ ಉದ್ದ ಆಗುವ ದಾರದ್ದು ನಮ್ಮ ರಸ್ತೆಗೆ ಹೇಳಿದ್ದಲ್ಲ, ಎದುರಿಂದ ಸಿಟಿ ಬಸ್ಸು ಬರುವಾಗ ನಾಯಿ ಹದಿನೈದು ಅಡಿ ದೂರದಲ್ಲಿದ್ರೆ ಎಂತ ಮಾಡ್ತೀರಿ. ಕಬ್ಬಿಣದ ಚೈನ್ ಎಳೆದ್ರೆ ಕೈ ಸಿಪ್ಪೆ ಏಳ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಬೇಡಿ, ಹೆಬ್ಬೆರಳಿಗೆ ಕುಣಿಕೆ ಹಾಕಿ ಮುಷ್ಟಿ ಮುಚ್ಚಿ. ಮತ್ತೆ ಒಂದು ಸೊಂಟದ ಚೀಲ, ನೀರಿನ ಬಾಟ್ಲಿ, ಒರಸ್ಲಿಕ್ಕೆ ಎರಡು ಹಳೆ ಬೈರಾಸು, ಒಂದು ಉದ್ದ ಕೊಡೆ. ಕೊಡೆ ವರ್ಷ ಇಡೀ ಬೇಕು, ಯಾಕೆ ಅಂತ ಮುಂದೆ ಹೇಳ್ತೇನೆ.

ಮೊದಲ ಸಲ ಮನೆಗೆ ಹೋಗುವಾಗ ಸೀದಾ ನಾಯಿ ಹತ್ರ ಹೋಗಿ ಕೊಂಗಾಟ ಮಾಡ್ಲಿಕ್ಕೆ ಹೋಗ್ಬೇಡಿ. ಯಜಮಾನರ ಹತ್ರ ಮಾತಾಡ್ತಾ ಕೂತ್ಕೊಳ್ಳಿ, ಚಾ ಕೊಟ್ರೆ ಕುಡೀರಿ, ನಾಯಿ ಬಂದು ಮೂಸಿ ಹೋಗ್ಲಿ, ಇನ್ನೊಮ್ಮೆ ಬಂದು ಮೂಸ್ಲಿ. ಮೊದಲ ವಾಕ್ ಯಜಮಾನರ ಒಟ್ಟಿಗೇ ಮಾಡಿ, ಹಗ್ಗ ಅವರ ಕೈಯಲ್ಲಿ, ವಾಪಸ್ ಬರುವಾಗ ನಿಮ್ಮ ಕೈಯಲ್ಲಿ. ಆಗಲೇ ಕೇಳ್ಬೇಕಾದ್ದೆಲ್ಲ ಕೇಳಿಬಿಡಿ: ಯಾರಿಗಾದ್ರೂ ಕಚ್ಚಿದ್ದುಂಟಾ, ಯಾವುದಕ್ಕೆ ಹೆದರ್ತದೆ, ಬೈಕ್ ಹಿಂದೆ ಓಡ್ತದಾ, ಬೆಕ್ಕು ಕಂಡ್ರೆ ಹೇಗೆ, ಮದ್ದು ಏನಾದ್ರೂ ನಡೀತಾ ಉಂಟಾ. ಅಯ್ಯೋ ನಮ್ಮ ಟೈಗರ್ ಯಾರಿಗೂ ಎಂತ ಮಾಡುದಿಲ್ಲ ಅಂತ ಎಲ್ಲರೂ ಹೇಳ್ತಾರೆ. ನೀವು ಮನೆಕೆಲಸದ ಅಕ್ಕನ ಮುಖ ನೋಡಿ, ಅವರಿಗೆ ನಿಜ ಗೊತ್ತಿರ್ತದೆ.

ಲಸಿಕೆ ಕಾರ್ಡಿನ ಫೋಟೋ, ವೆಟ್ ಡಾಕ್ಟರ್ ನಂಬರ್, ನಾಯಿಯ ಈಗಿನ ಒಂದು ಒಳ್ಳೆ ಫೋಟೋ, ಮನೆಯವರಲ್ಲಿ ಇಬ್ಬರ ನಂಬರ್, ಇಷ್ಟು ವಾಟ್ಸಾಪಲ್ಲಿ ತಗೊಳ್ಳದೆ ಹಗ್ಗ ಮುಟ್ಬೇಡಿ. ತುರ್ತು ಆದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಿಕ್ಕೆ ನನಗೆ ಒಪ್ಪಿಗೆ ಉಂಟು, ಖರ್ಚು ನಿಮ್ಮದು ಅಂತ ಒಂದು ಮೆಸೇಜ್ ಅವರಿಂದಲೇ ಬರಿಸಿ ಇಟ್ಕೊಳ್ಳಿ. ದುಡ್ಡು ಕೊಡುವವರು ದುಬೈಯಲ್ಲಿ ಇದ್ರೆ ನಮ್ಮ ಬೆಳಿಗ್ಗೆ ಆರೂವರೆ ಅಂದ್ರೆ ಅಲ್ಲಿ ಐದು ಗಂಟೆ, ಫೋನ್ ಎತ್ತುದಿಲ್ಲ, ಹಾಗಾಗಿ ಊರಲ್ಲೇ ಇರುವ ಒಬ್ಬರ ನಂಬರ್ ಬೇಕೇ ಬೇಕು. ಮನೆ ಕೀ ಕೊಟ್ರೆ ಅದರಲ್ಲಿ ನಾಯಿ ಹೆಸರಾಗ್ಲಿ ವಿಳಾಸ ಆಗ್ಲಿ ಬರೀಬೇಡಿ, ನಿಮಗೆ ಮಾತ್ರ ಗೊತ್ತಾಗುವ ಒಂದು ಬಣ್ಣದ ದಾರ ಕಟ್ಟಿ. ಜನ ಕೀ ಕೊಡ್ಲಿಕ್ಕೆ ಶುರು ಮಾಡಿದ್ರು ಅಂದ್ರೆ ನಿಮ್ಮ ಕೆಲಸ ಕೂತಿತು ಅಂತ ಅರ್ಥ.

ನಾಯಿಯ ಭಾಷೆ ಯಾವುದು ಅಂತಾನೂ ಕೇಳಿ, ತಮಾಷೆ ಅಲ್ಲ. ಬೆಂದೂರ್‌ವೆಲ್‌ನಲ್ಲಿ ಒಂದು ಮನೆಯಲ್ಲಿ ನಾನು ಸಿಟ್ ಸಿಟ್ ಅಂತ ಗಂಟಲು ಹರ್ಕೊಂಡ್ರೂ ನಾಯಿ ನನ್ನನ್ನೇ ನೋಡ್ತಿತ್ತು, ಒಳಗಿಂದ ಅಜ್ಜಿ ಕೊಂಕಣಿಯಲ್ಲಿ ಬಸ್ ಅಂತ ಒಂದೇ ಸಲ ಹೇಳಿದ್ದು, ಟಪ್ಪಂತ ಕೂತಿತು. ತುಳು ಮನೆಯ ನಾಯಿಗೆ ಕುಲ್ಲು, ಬಲ ಅನ್ಬೇಕು. ಒಂದು ಸಣ್ಣ ಪುಸ್ತಕದಲ್ಲಿ ಯಾವ ನಾಯಿಗೆ ಯಾವ ಶಬ್ದ ಅಂತ ಬರೆದಿಡಿ.

ಇನ್ನು ಬೀದಿ ನಾಯಿ. ಈ ಕೆಲಸದಲ್ಲಿ ಮುಕ್ಕಾಲು ತಲೆಬಿಸಿ ಇದೇ. ಒಂದೊಂದು ಗಲ್ಲಿಗೆ ಒಂದೊಂದು ಗುಂಪು, ಅದರ ಗಡಿ ನಿಮಗೆ ಕಾಣುದಿಲ್ಲ, ಅವಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಗಿರಾಕಿಯ ನಾಯಿ ಕರ್ಕೊಂಡು ಹೋಗುವ ಮೊದಲು ಆ ದಾರಿಯಲ್ಲಿ ನಾಲ್ಕು ದಿನ ನೀವೊಬ್ಬರೇ ಅದೇ ಟೈಮಿಗೆ ನಡೀರಿ. ಯಾವ ಗೇಟಿನ ಎದುರು ಎಷ್ಟು ನಾಯಿ ಮಲಗ್ತವೆ, ಅನ್ನ ಹಾಕುವವರು ಯಾರು, ಎಷ್ಟು ಗಂಟೆಗೆ ಹಾಕ್ತಾರೆ ಅಂತ ನೋಡ್ಕೊಳ್ಳಿ. ಅನ್ನ ಹಾಕುವ ಅಕ್ಕನ ಪರಿಚಯ ಮಾಡ್ಕೊಂಡು ಎರಡು ದಿನ ಅವರ ಒಟ್ಟಿಗೇ ನಿಂತ್ರೆ ಆ ಗುಂಪು ನಿಮ್ಮನ್ನು ಮನೆಯವನ ಲೆಕ್ಕಕ್ಕೆ ಸೇರಿಸ್ತದೆ. ಆದ್ರೆ ಗಿರಾಕಿಯ ನಾಯಿ ಕೈಯಲ್ಲಿ ಇರುವಾಗ ಬೀದಿ ನಾಯಿಗೆ ಬಿಸ್ಕೆಟ್ ಹಾಕ್ಬೇಡಿ, ನಾಳೆಯಿಂದ ಐದು ನಾಯಿಯ ಮೆರವಣಿಗೆ ಆಗ್ತದೆ, ನಡುವಲ್ಲಿ ಜಗಳ ಗ್ಯಾರಂಟಿ.

ಎದುರಿಂದ ಬೊಗಳಿಕೊಂಡು ಬಂದ್ರೆ ಓಡ್ಬೇಡಿ. ನಿಮ್ಮ ನಾಯಿಯನ್ನು ನಿಮ್ಮ ಹಿಂದೆ ತನ್ನಿ, ನೀವು ನಡುವಲ್ಲಿ, ಅಡ್ಡ ತಿರುಗಿ ನಿಧಾನಕ್ಕೆ ಆಚೆ ಬದಿಗೆ ಸರೀರಿ. ಇಲ್ಲಿ ಬರ್ತದೆ ಕೊಡೆಯ ಉಪಯೋಗ, ಬಟನ್ ಒತ್ತಿ ಫಟ್ಟಂತ ಬಿಡಿಸಿ ಎದುರು ಹಿಡಿದ್ರೆ ಹತ್ತರಲ್ಲಿ ಒಂಬತ್ತು ಸಲ ನಿಲ್ತವೆ, ಮೊದಲು ನಿಮ್ಮ ನಾಯಿಗೆ ಮನೆಯಲ್ಲೇ ಆ ಶಬ್ದ ಅಭ್ಯಾಸ ಮಾಡಿಸಿರ್ಬೇಕು ಮಾತ್ರ. ಕಲ್ಲು ಹೆಕ್ಕುವ ಹಾಗೆ ಬಗ್ಗುದು ನಮ್ಮ ಹಳೇ ವಿದ್ಯೆ, ಕೆಲಸ ಮಾಡ್ತದೆ, ಆದ್ರೆ ನಿಜವಾಗಿ ಬಿಸಾಡ್ಬೇಡಿ. ಪೆಟ್ಟು ತಿಂದ ನಾಯಿ ನಿಮ್ಮನ್ನು ನೆನಪಿಟ್ಟುಕೊಳ್ತದೆ, ಮತ್ತೆ ಪ್ರಾಣಿಗೆ ಹೊಡೆಯುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಎರಡು ಮನೆಯ ನಾಯಿಯನ್ನು ಒಟ್ಟಿಗೆ ಹಿಡ್ಕೊಂಡು ಹೋಗ್ಬೇಡಿ ಅಂತ ನಾನು ಹೇಳುದು ಇದಕ್ಕೇ, ಫಾರಿನ್ ವಿಡಿಯೋದಲ್ಲಿ ಒಬ್ಬಳು ಎಂಟು ನಾಯಿ ಹಿಡ್ಕೊಂಡು ಕಾಫಿ ಕುಡೀತಾ ಹೋಗ್ತಾಳೆ, ಅಲ್ಲಿ ಬೀದಿ ನಾಯಿ ಎಲ್ಲಿ ಉಂಟು.

ಹೆಣ್ಣು ನಾಯಿ ಹೀಟಿಗೆ ಬಂದ್ರೆ ಸುಮಾರು ಮೂರು ವಾರ ಹೊರಗಿನ ವಾಕ್ ಬಂದ್, ಅಂಗಳದಲ್ಲೋ ಟೆರೇಸಲ್ಲೋ ಮಾಡಿಸಿ. ಮರಿಗೆ ಹದಿನಾರು ವಾರದ ಲಸಿಕೆಗಳೆಲ್ಲ ಮುಗಿಯುವ ಮೊದಲು ರಸ್ತೆಗೆ ಇಳಿಸ್ಬೇಡಿ, ಪಾರ್ವೋ ರೋಗ ಮೂಸಿದ ನೆಲದಿಂದಲೂ ಬರ್ತದೆ, ಡಿಸ್ಟೆಂಪರ್ ರೋಗ ಹೆಚ್ಚಾಗಿ ಬೇರೆ ನಾಯಿಯಿಂದ ಬರುದು.

ಸೆಕೆ ವಿಷಯ. ನಮ್ಮ ಊರಲ್ಲಿ ಏಪ್ರಿಲ್ ಮೇಯಲ್ಲಿ 34, 35 ಡಿಗ್ರಿ ಅಷ್ಟೇ ಅಲ್ವಾ ಅಂತ ಅನ್ನಿಸ್ತದೆ, ಉತ್ತರ ಕರ್ನಾಟಕದವರು ನಗಾಡ್ತಾರೆ. ಆದ್ರೆ ನಾಯಿಗೆ ಮೈಯೆಲ್ಲ ಬೆವರುದಿಲ್ಲ, ಪಾದದಲ್ಲಿ ಸ್ವಲ್ಪ ಬೆವರ್ತದೆ, ಬಾಕಿ ಎಲ್ಲ ನಾಲಿಗೆ ಹಾಕಿ ತೇಕಿಯೇ ತಂಪು ಮಾಡ್ಕೊಳ್ಬೇಕು. ಗಾಳಿಯಲ್ಲೇ ನೀರು ತುಂಬಿರುವಾಗ ನಾಲಿಗೆಯ ನೀರು ಆರುದಾದ್ರೂ ಹೇಗೆ, ನಮ್ಮ ಒಗೆದ ಬಟ್ಟೆ ಆರುದಿಲ್ಲ ನೋಡಿ, ಅದೇ ಕಥೆ. ಪಗ್, ಬುಲ್‌ಡಾಗ್, ಶಿಟ್ಝು ಹೀಗೆ ಮೂಗು ಚಪ್ಪಟೆ ಇರುವವಕ್ಕೆ ಇನ್ನೂ ಕಷ್ಟ, ಅವಕ್ಕೆ ಬೇಸಿಗೆಯಲ್ಲಿ ಹದಿನೈದು ನಿಮಿಷ ಸಾಕು. ಮತ್ತೆ ನಮ್ಮಲ್ಲಿ ಕಾಂಕ್ರೀಟ್ ರಸ್ತೆಯೇ ಹೆಚ್ಚು, ಸಂಜೆ ಆರರ ತನಕವೂ ಕಾವು ಹೋಗಿರುದಿಲ್ಲ, ಅಂಗೈಯ ಹಿಂಬದಿ ರಸ್ತೆಗೆ ಇಟ್ಟು ಏಳು ಸೆಕೆಂಡ್ ಎಣಿಸಿ, ತಡೀಲಿಕ್ಕೆ ಆಗದಿದ್ರೆ ನಾಯಿ ಪಾದಕ್ಕೂ ಆಗುದಿಲ್ಲ. ಜೊಲ್ಲು ದಪ್ಪ ಆಗಿ, ಒಸಡು ಕೆಂಪೇರಿ, ಕಾಲು ತೂರಾಡಿದ್ರೆ ಅಲ್ಲೇ ನೆರಳಲ್ಲಿ ನಿಲ್ಲಿಸಿ ಹೊಟ್ಟೆ, ತೊಡೆ ಸಂದಿಗೆ ನಳ್ಳಿ ನೀರು ಹೊಯ್ದು ಗಾಳಿ ಹಾಕಿ, ಆಮೇಲೆ ಸೀದಾ ವೆಟ್. ನಾಯಿಯ ಮಾಮೂಲಿ ಮೈ ಬಿಸಿಯೇ 101ರಿಂದ 102.5 ಫ್ಯಾರನ್‌ಹೀಟ್, ಹಾಗಾಗಿ ಮುಟ್ಟಿ ನೋಡಿ ಜ್ವರ ಅಂತ ಹೇಳ್ಬೇಡಿ.

ದಾರಿ ಆಯ್ಕೆ ಮಾಡುವಾಗ ಏರು ತಗ್ಗು ನೋಡಿ, ಮಂಗಳೂರಲ್ಲಿ ಸಮ ರಸ್ತೆ ಹುಡುಕುದೇ ಒಂದು ಕೆಲಸ. ಹತ್ತು ವರ್ಷದ ಲ್ಯಾಬ್‌ಗೆ ಸೊಂಟ ನೋವು ಇದ್ರೆ ಕದ್ರಿ ಏರು ಬೇಡ. ದೊಡ್ಡ ನಾಯಿಗೆ ಹೊಟ್ಟೆ ತುಂಬಾ ಊಟ ಆದ ಕೂಡಲೇ ವಾಕಿಂಗ್ ಬೇಡ, ಹೊಟ್ಟೆ ಉಬ್ಬಿ ತಿರುಚಿ ಹೋಗುದುಂಟು, ಒಂದು ಗಂಟೆ ಆದ್ರೂ ಬಿಡಿ. ಪಣಂಬೂರು, ತಣ್ಣೀರುಬಾವಿಗೆ ಕರ್ಕೊಂಡು ಹೋಗಿ ಅಂತ ಕೆಲವರು ಆಸೆ ಪಡ್ತಾರೆ, ಚಂದವೇ, ಆದ್ರೆ ಮರಳಲ್ಲಿ ಬಲೆಯಿಂದ ಬಿಸಾಡಿದ ಊದುವ ಮೀನು ಬಿದ್ದಿರ್ತದೆ, ಅದು ಭಯಂಕರ ವಿಷ, ಬಾಯಿ ಹಾಕ್ಲಿಕ್ಕೆ ಬಿಡ್ಬೇಡಿ. ಒಳರಸ್ತೆಯಲ್ಲಿ ಭಾನುವಾರ ಸಂಜೆ ಕೋಳಿ ಎಲುಬು, ಸೋಮವಾರ ಬೆಳಿಗ್ಗೆ ಇನ್ನೂ ಹೆಚ್ಚು, ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಬಾಯಲ್ಲಿ ಇದ್ದದ್ದನ್ನು ಬಿಡಿಸ್ಲಿಕ್ಕೆ ಕೈ ಹಾಕ್ಬೇಡಿ, ಅದಕ್ಕಿಂತ ರುಚಿ ಇರುವ ಬಿಸ್ಕೆಟ್ ತೋರಿಸಿ.

ಈಗ ಮಳೆ. ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಬೀಳ್ತದೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಫ್ಲಾಟ್ ನಾಯಿಗೆ ಮನೆಯೊಳಗೆ ಮೂತ್ರ ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ, ಹೊಟ್ಟೆ ಕಟ್ಟಿಕೊಂಡು ಬಾಗಿಲು ನೋಡ್ತಾ ಕೂತಿರ್ತದೆ, ನೀವು ಬರ್ತೇನೆ ಅಂತ ಹೇಳಿ ಬಾರದಿದ್ರೆ ಪಾಪ ಅದು. ಮಳೆ ಸ್ವಲ್ಪ ಬಿಡುವ ಹೊತ್ತು ನೋಡಿ ಹತ್ತು ನಿಮಿಷದ್ದು ಎರಡು ಸಲ ಮಾಡಿ, ಅರ್ಧ ಗಂಟೆಯ ಹಟ ಬೇಡ. ತೀರಾ ಆಗದಿದ್ರೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎರಡು ಸುತ್ತು, ಆಮೇಲೆ ಮನೆಯೊಳಗೆ ಹಳೆ ಬೈರಾಸಲ್ಲಿ ಬಿಸ್ಕೆಟ್ ಸುತ್ತಿ ಅಡಗಿಸಿ ಹುಡುಕ್ಲಿಕ್ಕೆ ಬಿಡಿ. ಮೂಗಿಗೆ ಕೆಲಸ ಕೊಟ್ರೆ ಕಾಲಿನಷ್ಟೇ ಸುಸ್ತಾಗ್ತದೆ.

ರಸ್ತೆಯಲ್ಲಿ ಮೊದಲು ನೋಡ್ಬೇಕಾದ್ದು ಕರೆಂಟ್ ಕಂಬ. ಗಂಡು ನಾಯಿಗೆ ಕಂಬ ಕಂಡ್ರೆ ಕಾಲೆತ್ತದೆ ಆಗುದಿಲ್ಲ, ಮಳೆಗಾಲದಲ್ಲಿ ಬೀದಿದೀಪದ ಕಂಬದಲ್ಲಿ ಕರೆಂಟ್ ಸೋರಿಕೆ ಇದ್ರೆ ನೆಲ ಚಂಡಿ, ಕಾಲು ಚಂಡಿ, ಮೂತ್ರವೂ ನೀರೇ. ಕಂಬದಿಂದ, ಸ್ಟೇ ವಯರಿಂದ, ಟ್ರಾನ್ಸ್‌ಫಾರ್ಮರ್ ಬೇಲಿಯಿಂದ ದೂರ ಎಳ್ಕೊಂಡು ಹೋಗಿ. ನಿಂತ ನೀರಲ್ಲಿ ಇಳಿಸ್ಬೇಡಿ, ಅಡಿಯಲ್ಲಿ ಚರಂಡಿಯ ಸ್ಲ್ಯಾಬ್ ಉಂಟೋ ಇಲ್ಲವೋ ಕಾಣುದಿಲ್ಲ, ಮತ್ತೆ ಇಲಿ ಜ್ವರ ನಮ್ಮ ಕರಾವಳಿಯಲ್ಲಿ ಮಳೆಗಾಲದ ಮಾಮೂಲಿ ಉಪದ್ರ, ನಾಯಿಗೂ ಬರ್ತದೆ, ಮನುಷ್ಯರಿಗೂ ಬರ್ತದೆ, ಕಾಲಲ್ಲಿ ಗಾಯ ಇದ್ರೆ ಬೂಟು ಹಾಕದೆ ಹೊರಡ್ಬೇಡಿ. ನಾಯಿಯ ವರ್ಷದ ಲಸಿಕೆಯಲ್ಲಿ ಲೆಪ್ಟೋ, ಅಂದ್ರೆ ಇದೇ ಇಲಿ ಜ್ವರದ್ದು, ಸೇರಿದೆಯಾ ಅಂತ ಕಾರ್ಡಲ್ಲಿ ನೋಡಿ. ಕಲ್ಲಿನ ಹಳೇ ಕಂಪೌಂಡ್ ಗೋಡೆ ಮಳೆಗೆ ಜರಿದು ಬೀಳುದುಂಟು, ಅದಕ್ಕೆ ಒರಗಿ ನಡೀಬೇಡಿ. ಪೊದೆ ಬಲ್ಲೆಯೊಳಗೆ ಮೂಗು ಹಾಕ್ಲಿಕ್ಕೆ ಬಿಡ್ಬೇಡಿ, ನಾಗರಹಾವು, ಕನ್ನಡಿ ಹಾವು ಎರಡೂ ಇರುವ ಊರು ನಮ್ಮದು. ಕಚ್ಚಿದ್ರೆ ಕಟ್ಟು ಕಟ್ಟುದು ಕೊಯ್ಯುದು ಬೇಡ, ನಡೆಸುದೂ ಬೇಡ, ಎತ್ತಿಕೊಂಡು ವೆಟ್ ಹತ್ರ ಓಡಿ, ದಾರಿಯಲ್ಲೇ ಫೋನ್ ಮಾಡಿ ವಿಷದ ಮದ್ದು ಉಂಟಾ ಅಂತ ಕೇಳಿ. ನಾಯಿ ಕಪ್ಪೆಗೆ ಬಾಯಿ ಹಾಕಿ ನೊರೆ ಬಂದ್ರೆ ಬಾಯಿ ಕೆಳಮುಖ ಮಾಡಿ ನೀರಲ್ಲಿ ತೊಳೆದು ಡಾಕ್ಟರ್‌ಗೆ ಹೇಳಿ.

ಗುಡುಗು ಸಿಡಿಲು ಇದ್ರೆ ಮಾತ್ರ ಹೊರಡ್ಬೇಡಿ, ಅದಕ್ಕೆ ಯಾರೂ ಬೈಯುದಿಲ್ಲ. ದಸರಾ ಟೈಮಲ್ಲಿ ಹುಲಿವೇಷದ ತಾಸೆ, ದೀಪಾವಳಿಗೆ ಪಟಾಕಿ, ಆಗ ಬೆಳಿಗ್ಗೆ ಬೇಗವೇ ಮುಗಿಸಿ. ತಾಸೆ ಕೇಳಿದ್ರೆ ನನ್ನ ಕಾಲೇ ಕುಣೀತದೆ, ನಾಯಿ ಮಾತ್ರ ಮಂಚದ ಅಡಿಗೆ.

ವಾಪಸ್ ಬಂದ ಮೇಲಿನ ಐದು ನಿಮಿಷ ಹೆಚ್ಚಿನವರು ಬಿಟ್ಟುಬಿಡ್ತಾರೆ, ಗಿರಾಕಿ ಉಳಿಯುದು ಅಲ್ಲೇ. ಬೆರಳ ಸಂದಿ ಒಂದೊಂದೇ ಒರಸಿ, ಹೊಟ್ಟೆ ಒರಸಿ, ಲ್ಯಾಬ್, ಕಾಕರ್ ಸ್ಪೇನಿಯಲ್ ಹಾಗೆ ಕಿವಿ ಜೋತು ಬಿದ್ದವಕ್ಕೆ ಕಿವಿ ಮಡಚಿ ಒಣ ಬಟ್ಟೆಯಲ್ಲಿ ಹೊರಗಿಂದ ಒರಸಿ. ಆ ಹೊತ್ತಿಗೇ ಉಣ್ಣಿ ಹುಡುಕಿ, ಕಿವಿ ಒಳಗೆ, ಬೆರಳ ನಡುವೆ, ಬೆಲ್ಟಿನ ಅಡಿ. ಕಂಡ್ರೆ ಯಜಮಾನರಿಗೆ ಫೋಟೋ ಕಳಿಸಿ, ಉಣ್ಣಿ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದು ನಾಯಿ ಸಾಯುದುಂಟು. ನಾನು ಒರಸಿಟ್ಟ ನಾಯಿಯ ಒಂದು ಫೋಟೋ, ಕಕ್ಕ ಮಾಡಿತಾ ಇಲ್ವಾ, ಹೇಗಿತ್ತು, ಇಷ್ಟು ದಿನಾ ಕಳಿಸ್ತೇನೆ. ದುಬೈಯಲ್ಲಿ ಕೂತ ಮಗನಿಗೆ ಬೆಳಿಗ್ಗೆ ಎದ್ದ ಕೂಡಲೇ ಅದೇ ಬೇಕು, ಅಪ್ಪ ಅಮ್ಮನ ಫೋಟೋಕ್ಕೂ ಅಷ್ಟು ಹಾರ್ಟ್ ಹಾಕುದಿಲ್ಲ ಅವನು.

ಕಕ್ಕ ಹೆಕ್ಕುದು ನಿಮ್ಮದೇ ಕೆಲಸ, ಬೇರೆಯವರ ಗೇಟಿನ ಎದುರು ಬಿಟ್ಟು ಬಂದ್ರೆ ಒಂದೇ ವಾರದಲ್ಲಿ ಇಡೀ ರಸ್ತೆ ನಿಮ್ಮ ವಿರುದ್ಧ. ತಂದು ಗಿರಾಕಿ ಮನೆಯ ಟಾಯ್ಲೆಟ್‌ಗೆ ಹಾಕಿ ಅಥವಾ ಹೊಂಡ ತೆಗೆದು ಮುಚ್ಚಿ, ಗೊಬ್ಬರ ಆಗ್ತದೆ ಅಂತ ಬಸಳೆ ಬುಡಕ್ಕೆ ಮಾತ್ರ ಹಾಕ್ಬೇಡಿ. ಲಿಫ್ಟಲ್ಲಿ ಯಾರಾದ್ರೂ ಇದ್ರೆ ಮುಂದಿನದ್ದಕ್ಕೆ ಕಾಯಿರಿ. ಕೆಲವರಿಗೆ ಹೆದರಿಕೆ, ಕೆಲವರು ಮಡಿಯಲ್ಲಿ ದೇವಸ್ಥಾನಕ್ಕೆ ಹೊರಟಿರ್ತಾರೆ, ಕೆಲವರಿಗೆ ನಾಯಿ ಜೊಲ್ಲು ತಾಗಿದ್ರೆ ನಮಾಜಿಗೆ ಮತ್ತೆ ತೊಳೀಬೇಕು. ಅಪಾರ್ಟ್‌ಮೆಂಟ್‌ನವರು ನಾಯಿಯೇ ಬೇಡ ಅಂತ ಜಗಳ ತೆಗೆದ್ರೆ, ಸಾಕು ನಾಯಿ ಪೂರ್ತಿ ನಿಷೇಧ ಮಾಡ್ಲಿಕ್ಕೆ ಸಂಘಕ್ಕೆ ಅಧಿಕಾರ ಇಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಉಂಟು. ಆದ್ರೆ ಅದನ್ನು ಹಿಡ್ಕೊಂಡು ವಾದ ಮಾಡ್ಬೇಕಾದ್ದು ಯಜಮಾನರು, ನೀವಲ್ಲ.

ಕಾಗದ ಪತ್ರ ಬೇಗ ಹೇಳಿ ಮುಗಿಸ್ತೇನೆ. ಸೇವೆಗೆ ವರ್ಷಕ್ಕೆ 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ. ಉದ್ಯಮ್ ನೋಂದಣಿ ಸರ್ಕಾರದ ಸೈಟಲ್ಲಿ ಪುಕ್ಕಟೆ, ಸಾವಿರ ರೂಪಾಯಿ ಕೇಳುವ ಏಜೆಂಟ್‌ನ ನಂಬ್ಬೇಡಿ. ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತ ವಿಮೆ ಉಂಟು, ರಸ್ತೆಯಲ್ಲೇ ದುಡಿಯುವ ನಮಗೆ ಅದು ಇರ್ಲೇಬೇಕು. ಮತ್ತೆ ಒಂದು ಕಾನೂನು ಮಂಡೆಯಲ್ಲಿ ಇಟ್ಕೊಳ್ಳಿ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ಪ್ರಾಣಿ ಯಾರ ಕೈಯಲ್ಲಿ ಇದೆಯೋ ಅವರು ಉದಾಸೀನ ಮಾಡಿ ಜನರಿಗೆ ಅಪಾಯ ಆದ್ರೆ ಆರು ತಿಂಗಳ ತನಕ ಜೈಲು ಉಂಟು, ನಾಯಿ ನಂದಲ್ಲ ಸಾರ್ ಅಂದ್ರೆ ನಡೆಯುದಿಲ್ಲ, ಹಗ್ಗ ನಿಮ್ಮ ಕೈಯಲ್ಲಿ ಇತ್ತಲ್ಲ.

ಅದಕ್ಕೇ ಬೇಡ ಅನ್ಲಿಕ್ಕೆ ಕಲೀರಿ. ನಿಮ್ಮ ತೂಕಕ್ಕೆ ಮೀರಿದ ನಾಯಿ, ಲಸಿಕೆ ಕಾರ್ಡ್ ತೋರಿಸದ ಮನೆ, ಕಟ್ಟಿ ಹಾಕಿಯೇ ಸಾಕಿದ ರಾಟ್‌ವೀಲರ್‌ನ್ನು ಸ್ವಲ್ಪ ತಿರುಗಿಸಿ ಬನ್ನಿ ಸರಿ ಆಗ್ತದೆ ಅನ್ನುವವರು, ಇವರಿಗೆಲ್ಲ ಟ್ರೈನರ್ ಹತ್ರ ಹೋಗಿ ಅಂತ ಚಂದದಲ್ಲಿ ಹೇಳಿ. ಹಾಗೇ ನಾಯಿ ಮೀಯಿಸಿ ಕೊಡ್ತೀರಾ, ಮದುವೆಗೆ ಹೋಗ್ತೇವೆ ಎರಡು ದಿನ ಮನೆಯಲ್ಲಿ ಇಟ್ಕೊಳ್ತೀರಾ ಅಂತ ಕೇಳ್ತಾರೆ, ಅದಕ್ಕೆ ಬೇರೆ ರೇಟ್, ಮೊದಲೇ ಹೇಳಿ. ನಿಮಗೆ ಜ್ವರ ಬಂದ್ರೆ ಬದಲಿಗೆ ಹೋಗುವವರು ಒಬ್ಬರು ಇರ್ಬೇಕು, ಅವರನ್ನು ನಾಯಿಗೂ ಮನೆಯವರಿಗೂ ಮೊದಲೇ ಪರಿಚಯ ಮಾಡಿಸಿ, ಗೇಟಲ್ಲಿ ಹೊಸ ಮುಖ ಕಂಡ್ರೆ ನಾಯಿಗಿಂತ ಮೊದಲು ಅಜ್ಜಿ ಬೊಗಳ್ತಾರೆ.

ಯಾವಾಗ ಶುರು ಮಾಡುದು ಅಂದ್ರೆ ನಾನು ಮೇ ತಿಂಗಳು ಅಂತೇನೆ. ಮೇ ಮೊದಲ ವಾರದಲ್ಲಿ ನಿಮ್ಮ ಲಸಿಕೆಯ ಕೋರ್ಸ್ ಮುಗಿದಿರ್ಲಿ, 20ರ ಒಳಗೆ ಎರಡು ಮನೆ ಹಿಡ್ಕೊಳ್ಳಿ, ಎರಡು ಅಂದ್ರೆ ಎರಡೇ, ದಾರಿಯಲ್ಲಿ ಒಬ್ಬರೇ ನಡೆದು ಕಂಬ ಎಲ್ಲಿ, ಚರಂಡಿ ಎಲ್ಲಿ ತೆರೆದಿದೆ ಅಂತ ನೆಲ ಒಣಗಿರುವಾಗಲೇ ನೋಡಿ ಇಟ್ಕೊಳ್ಳಿ. ಜೂನ್ ಎರಡನೇ ವಾರ ಮಳೆ ಹಿಡಿದಾಗ ಹಳೇ ವಾಕರ್‌ಗಳಲ್ಲಿ ಒಬ್ಬಿಬ್ಬರು ಫೋನ್ ಎತ್ತುದು ಬಿಡ್ತಾರೆ, ಆಗ ನಿಮ್ಮ ಎರಡು ಮನೆಯ ಆಂಟಿಯಂದಿರೇ ಆಚೆ ಬಿಲ್ಡಿಂಗಿಗೆ ನಿಮ್ಮ ನಂಬರ್ ದಾಟಿಸ್ತಾರೆ. ರೇನ್‌ಕೋಟ್ ಎರಡು ಜೊತೆ ತಗೊಳ್ಳಿ, ಶೂ ಕೂಡ ಎರಡು, ಒಂದು ಮೈಯಲ್ಲಿ ಇರುವಾಗ ಇನ್ನೊಂದು ಫ್ಯಾನ್ ಅಡಿಯಲ್ಲಿ. ಆರುದಿಲ್ಲ, ಆದ್ರೂ.